ಕಳ್ಳನಿಗೆ ಇಪ್ಪತ್ತು ಡಾಲರ್, ಕಂಪನಿಗೆ ಸಾವಿರ

ಅಮೆರಿಕದ ಹೂಸ್ಟನ್‌ನಲ್ಲಿ ಟೆಸ್ಲಾ ಚಾರ್ಜಿಂಗ್ ಸ್ಟೇಷನ್ ಒಂದಕ್ಕೆ ಬಂದ ಕಳ್ಳರು ಒಳಗಿನ ತಾಮ್ರದಾಸೆಗೆ ಅಲ್ಲಿದ್ದ 19 ಕೇಬಲ್‌ಗಳಲ್ಲಿ 18ನ್ನು ಕತ್ತರಿಸಿಕೊಂಡು ಹೋದರು. ಒಂದನ್ನು ಬಿಟ್ಟದ್ದೇಕೆ? ಅವರದ್ದೂ ಎಲೆಕ್ಟ್ರಿಕ್ ಕಾರೇ ಇರಬೇಕು, ಪಾಪ.

ಈ ಕೇಬಲ್‌ನ ಮರ್ಯಾದೆ ಸಣ್ಣದಲ್ಲ. ತುದಿಯಲ್ಲಿರುವ ಪ್ಲಗ್ಗನ್ನು, ಅಂದರೆ ‘ಗನ್’ ಅನ್ನು, ಕಾರಿಗೆ ಸಿಕ್ಕಿಸಿದ ಮೇಲೆ ಕಾರೂ ಚಾರ್ಜರೂ ಪರಸ್ಪರ ಕ್ಷೇಮಸಮಾಚಾರ ವಿಚಾರಿಸಿ, ಕರೆಂಟು ಎಲ್ಲೂ ಸೋರದೆಂದು ಖಚಿತಪಡಿಸುವ ಇನ್ಸುಲೇಷನ್ ಪರೀಕ್ಷೆ ಮುಗಿಸಿ, ಆಮೇಲಷ್ಟೇ ಕರೆಂಟು ಹರಿಸುತ್ತವೆ. ಕಾರು ಇಲ್ಲದ ಹೊತ್ತಿನಲ್ಲಿ ಆ ದಪ್ಪ ತಂತಿಗಳಲ್ಲಿ ಕರೆಂಟೇ ಇರುವುದಿಲ್ಲ. ಮಗು ಮುಟ್ಟಿದರೂ ಏನೂ ಆಗಬಾರದೆಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಮಾಡಿದ ಯೋಜನೆಯಿದು. ಅದರ ಮೊದಲ ಫಲಾನುಭವಿ, ನಡುರಾತ್ರಿ ಕಟರ್ ಹಿಡಿದು ಬರುವ ಮಹಾನುಭಾವ.

ಮಜಾ ಇರುವುದು ಆಮೇಲೆ. ಕಾರು ಬಂತೋ ಇಲ್ಲವೋ ತಿಳಿಯಲು ಚಾರ್ಜರ್ ಒಂದು ಸಣ್ಣ ತಂತಿಯಲ್ಲಿ 12 ವೋಲ್ಟ್ ಇಟ್ಟುಕೊಂಡು ಕಾಯುತ್ತಿರುತ್ತದೆ. ಗನ್ ಸಿಕ್ಕಿಸಿದರೆ ಅದು 9ಕ್ಕೆ ಇಳಿಯುತ್ತದೆ. ಕೇಬಲ್ಲೇ ಹೋದರೆ? 12 ಹನ್ನೆರಡಾಗಿಯೇ ಇರುತ್ತದೆ. ಗನ್‌ನ ಬಿಸಿಯನ್ನೋ, ಕೇಬಲ್ ತಂಪಾಗಿಡುವ ದ್ರವವಾದ ಕೂಲೆಂಟ್‌ನ ಒತ್ತಡವನ್ನೋ ಗಮನಿಸುವ ಏರ್ಪಾಡು ಇಲ್ಲದಿದ್ದರೆ, ಚಾರ್ಜರ್ ತಾನು ಆರೋಗ್ಯವಾಗಿಯೇ ಇದ್ದೇನೆಂದು ನಂಬಿ ಆ್ಯಪ್‌ನಲ್ಲಿ ‘ಲಭ್ಯವಿದೆ’ ಎಂದು ಹಸಿರು ಚುಕ್ಕೆ ತೋರಿಸುತ್ತದೆ. ಶೇ 6ರಷ್ಟು ಬ್ಯಾಟರಿ ಉಳಿಸಿಕೊಂಡು ಆ ಚುಕ್ಕೆಯನ್ನೇ ನಂಬಿ ಬಂದವನ ಎದುರು ಒಂದು ಗೇಣು ರಬ್ಬರ್ ನೇತಾಡುತ್ತಿರುತ್ತದೆ.

ಇಷ್ಟಕ್ಕೂ ಕಳ್ಳನ ಗಳಿಕೆ ಎಷ್ಟು? ತಾಮ್ರದ ಬೆಲೆ 2024ರ ಮೇ ತಿಂಗಳಲ್ಲಿ ಒಂದು ಪೌಂಡಿಗೆ 5.20 ಡಾಲರ್ ಹತ್ತಿರ ಹೋಗಿತ್ತು. ಆದರೂ ಒಂದು ಕೇಬಲ್‌ಗೆ ಗುಜರಿಯಲ್ಲಿ ಸಿಗುತ್ತಿದ್ದದ್ದು 15ರಿಂದ 20 ಡಾಲರ್. ಹೊಸದನ್ನು ಹಾಕಿಸಲು ಕಂಪನಿಗೆ ಸಾವಿರ ಡಾಲರಿಗೂ ಮೇಲೆ. ಮೇಲಾಗಿ ಹೈಪವರ್ ಚಾರ್ಜರಿನ ಕೇಬಲ್ ದಪ್ಪ ಕಂಡರೂ ಒಳಗೆ ತಾಮ್ರ ಕಡಿಮೆ. ಸುತ್ತ ಕೂಲೆಂಟ್ ಹರಿದು ತಂಪು ಮಾಡುವುದರಿಂದ ಅಷ್ಟರಲ್ಲೇ 500 ಆಂಪಿಯರ್ ಹರಿಯುತ್ತದೆ. ಹೊಟ್ಟೆ ನೋಡಿ ಆಸೆಪಟ್ಟು ಕತ್ತರಿಸಿದವನಿಗೆ ಮೊದಲು ಸಿಗುವುದು ಕಾಲಿಗೆ ಕೂಲೆಂಟ್ ಅಭಿಷೇಕ. ರಬ್ಬರ್ ಸುಲಿಯಲು ಸೋಮಾರಿತನ ಮಾಡಿ ಸುಟ್ಟರೋ, ಕಪ್ಪಾದ ತಾಮ್ರಕ್ಕೆ ರೇಟು ಇನ್ನೂ ಇಳಿಯುತ್ತದೆ. ಇಷ್ಟು ಕಷ್ಟಪಟ್ಟು ಇಷ್ಟು ಕಡಿಮೆ ಸಂಪಾದಿಸುವ ಉದ್ಯಮಕ್ಕೆ ಯಾವ ಸರ್ಕಾರವೂ ಸಬ್ಸಿಡಿ ಘೋಷಿಸದಿರುವುದೇ ಆಶ್ಚರ್ಯ!

ಉದ್ಯಮ ಬೆಳೆದದ್ದಂತೂ ನಿಜ. ಚಾರ್ಜಿಂಗ್ ಸ್ಟೇಷನ್ ನಡೆಸುವ ಎಲೆಕ್ಟ್ರಿಫೈ ಅಮೆರಿಕ ಕಂಪನಿಗೆ ದೇಶದಾದ್ಯಂತ 968 ಸ್ಟೇಷನ್‌ಗಳಿದ್ದವು. 2022ರ ಹೊತ್ತಿಗೆ ಆರು ತಿಂಗಳಿಗೊಂದು ಕೇಬಲ್ ಹೋದರೆ ಹೆಚ್ಚು. 2024ರಲ್ಲಿ ಮೇ ತಿಂಗಳೊಳಗೇ 129 ಹೋದವು.

ಪರಿಹಾರಗಳಿಗೇನೂ ಬರವಿಲ್ಲ. ಕ್ಯಾಮೆರಾ ಹಾಕಿದರು; ಹುಡ್ ಹಾಕಿಕೊಂಡವನ ಬೆನ್ನು ಎಚ್‌ಡಿ ಗುಣಮಟ್ಟದಲ್ಲಿ ದೊರೆಯಿತು. ಕತ್ತರಿಸಿದರೆ ಬಣ್ಣ ಚಿಮ್ಮುವ ಕವಚ ಬಂತು. ಹೋಳಿ ಹಬ್ಬದ ಮರುದಿನ ಅದೂ ಪುರಾವೆಯಾಗದು. ಯುರೋಪಿನ ನಿಧಾನದ ಎಸಿ ಚಾರ್ಜರ್‌ಗಳಲ್ಲಿ ಬರೀ ಸಾಕೆಟ್ ಇಟ್ಟು ‘ಕೇಬಲ್ ಮನೆಯಿಂದ ತನ್ನಿ’ ಎನ್ನುತ್ತಾರೆ. ಜಾಣತನವೇ. ಆದರೆ ಕೂಲೆಂಟ್ ಪಂಪಿಗೇ ಜೋಡಿಸಿದ, ವೇಗದ ಡಿಸಿ ಚಾರ್ಜರಿನ ಕೇಬಲ್ಲನ್ನು ಯಾರು ಡಿಕ್ಕಿಯಲ್ಲಿ ಹೊತ್ತು ತಿರುಗುತ್ತಾರೆ?

ಎಲ್ಲರ ಕಣ್ಣೂ ಕೇಬಲ್ಲಿನ ಮೇಲೆ. ಅದನ್ನು ಕೊಳ್ಳುವ ಗುಜರಿಯ ತೂಕದ ಯಂತ್ರದ ಮೇಲೆ ಕೆಲವರದ್ದು ಮಾತ್ರ. ಹೂಸ್ಟನ್ ಪೊಲೀಸರು ಗುಜರಿ ಅಂಗಡಿಗಳ ಬಾಗಿಲು ತಟ್ಟಿದ್ದುಂಟು, ಅಷ್ಟರಮಟ್ಟಿಗೆ ಪುಣ್ಯ. ಬೋರ್‌ವೆಲ್ ಮೋಟಾರಿನ ಕೇಬಲ್ ಕಳೆದುಕೊಂಡ ನಮ್ಮ ಕೋಲಾರ, ತುಮಕೂರು ಕಡೆಯ ರೈತರನ್ನು ಕೇಳಿದ್ದರೆ ಈ ದಾರಿಯನ್ನು ಮೊದಲ ದಿನವೇ ತೋರಿಸುತ್ತಿದ್ದರು.

‘ಇದೆಲ್ಲಿಯದಪ್ಪಾ?’ ಎನ್ನುತ್ತಾನೆ ಗುಜರಿ ಅಂಗಡಿಯವನು.

‘ಮನೆ ವೈರಿಂಗ್ ಬದಲಾಯಿಸಿದೆ ಸಾರ್.’

ಮಣಿಕಟ್ಟಿನಷ್ಟು ದಪ್ಪದ ವೈರು, ಒಂದು ತುದಿಯಲ್ಲಿ ಚಾರ್ಜಿಂಗ್ ಗನ್. ‘ಸರಿ, ಗನ್ ಕಿತ್ತು ಆ ಕಡೆ ಹಾಕು. ಪ್ಲಾಸ್ಟಿಕ್‌ಗೆ ಬೇರೆ ರೇಟು.’