ಯಾವ ಸರ್ಜರಿ ಒಳ್ಳೆಯದು ಅಂತ ಕೇಳುವ ಮೊದಲು ಕಾರ್ನಿಯಾ ಎಷ್ಟಿದೆ ಅಂತ ಕೇಳಿ

ನಾನು ಕಣ್ಣಿಗೆ ಲೇಸರ್ ಸರ್ಜರಿ ಮಾಡಿಸಿಕೊಂಡು ಕನ್ನಡಕ ಬಿಟ್ಟಿದ್ದು ಗೊತ್ತಾದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಲಾಸಿಕ್ಕಾ, ಸ್ಮೈಲಾ?" ಎರಡೂ ಅಲ್ಲ, ಪಿಆರ್‌ಕೆ ಅಂದರೆ ಬಹಳ ಜನಕ್ಕೆ ಆ ಹೆಸರೇ ಗೊತ್ತಿರುವುದಿಲ್ಲ. ಗೊತ್ತಿರುವವರು "ಅದು ಹಳೇದಲ್ವಾ? ತುಂಬಾ ನೋವಂತೆ" ಅನ್ನುತ್ತಾರೆ. ಹೌದು, ಹಳೆಯದು. ನೋವೂ ಇದೆ. ಆದರೂ ಅದನ್ನೇ ಮಾಡಿಸಿಕೊಂಡೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕನ್ನಡಕ ಬಿಡಲು ಹೊರಟವರಲ್ಲಿ ತುಂಬಾ ಜನ ಮೊದಲು ಸರ್ಜರಿಯ ಹೆಸರು ಆರಿಸಿಕೊಂಡು, ಆಮೇಲೆ ಕಣ್ಣು ತೋರಿಸಲು ಹೋಗುವುದನ್ನು ನೋಡುತ್ತಿದ್ದೇನೆ. ಅದು ತಲೆಕೆಳಗಾದ ದಾರಿ.

ಎಲ್ಲವೂ ನಿಂತಿರುವುದು ಕಾರ್ನಿಯಾದ ಮೇಲೆ. ಕಣ್ಣಿನ ಮುಂಭಾಗದ ಆ ಪಾರದರ್ಶಕ ಪದರದ ಸರಾಸರಿ ದಪ್ಪ ಸುಮಾರು 540 ಮೈಕ್ರಾನ್. ಅಂದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ಲೇಸರ್ ಸರ್ಜರಿಯಲ್ಲಿ ಅದರಲ್ಲೇ ಒಂದಿಷ್ಟು ಕಳೆದು ಅದರ ಬಾಗು ಬದಲಿಸುತ್ತಾರೆ. ಮೈನಸ್ ಪವರ್ ಇದ್ದರೆ ಒಂದೊಂದು ಪವರ್‌ಗೆ ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ.

ನನ್ನ ಪವರ್ ಮೈನಸ್ 5.5 ಇತ್ತು. ಕಾರ್ನಿಯಾ 485. ಪವರ್ ತೆಗೆಯಲು ಸುಮಾರು 80 ಮೈಕ್ರಾನ್ ಬೇಕು. ಲಾಸಿಕ್‌ನಲ್ಲಿ ಮೊದಲು 110 ಮೈಕ್ರಾನಿನಷ್ಟು ದಪ್ಪದ ಒಂದು ಫ್ಲಾಪ್ ಕತ್ತರಿಸಿ, ಪುಸ್ತಕದ ಪುಟದಂತೆ ಮಗುಚಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಆ ಫ್ಲಾಪ್ ಅಂಟಿಕೊಳ್ಳುತ್ತದೆ ನಿಜ, ಆದರೆ ಮೊದಲಿನ ಬಲ ಕೊಡುವುದಿಲ್ಲ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನನ್ನ ಕಣ್ಣಿನಲ್ಲಿ ಗಟ್ಟಿಯಾಗಿ ಉಳಿಯುವುದು 295 ಮಾತ್ರ. ಕನಿಷ್ಠ 250 ಉಳಿದರೆ ಸಾಕು ಅನ್ನುವುದು ಹಳೆಯ ಲೆಕ್ಕ. ಈಗ ಅನೇಕ ಸರ್ಜನ್‌ಗಳು 300ಕ್ಕಿಂತ ಕೆಳಗೆ ಇಳಿಯಲು ಇಷ್ಟಪಡುವುದಿಲ್ಲ. ಪಿಆರ್‌ಕೆಯಲ್ಲಿ ಫ್ಲಾಪ್ ಇಲ್ಲ. ಮೇಲಿನ 50 ಮೈಕ್ರಾನಿನಷ್ಟು ತೆಳು ಚರ್ಮದಂಥ ಪದರವನ್ನು ಸವರಿ ತೆಗೆಯುತ್ತಾರೆ. ಅದು ಕೆಲವೇ ದಿನಗಳಲ್ಲಿ ತಾನೇ ಬೆಳೆಯುತ್ತದೆ. ಆ ದಾರಿಯಲ್ಲಿ ನನಗೆ 355 ಉಳಿಯಿತು.

60 ಮೈಕ್ರಾನ್ ಏನು ಮಹಾ ಅನ್ನಿಸಬಹುದು. ತೀರಾ ತೆಳುವಾದ, ಇಲ್ಲವೇ ಮೊದಲೇ ದುರ್ಬಲವಾಗಿದ್ದ ಕಾರ್ನಿಯಾ ಸರ್ಜರಿಯಾದ ಮೇಲೆ ನಿಧಾನವಾಗಿ ಮುಂದಕ್ಕೆ ಉಬ್ಬಬಹುದು. ಇದಕ್ಕೆ ಎಕ್ಟೇಸಿಯಾ ಅನ್ನುತ್ತಾರೆ. ಅಪರೂಪ, ಆದರೆ ಬಂದರೆ ಕನ್ನಡಕ ಹಾಕಿದರೂ ದೃಷ್ಟಿ ಸರಿಹೋಗದ ಸ್ಥಿತಿ ಬರಬಹುದು. ಕನ್ನಡಕ ಇದ್ದರೆ ಚೆನ್ನಾಗಿಯೇ ಕಾಣುತ್ತಿದ್ದ ಕಣ್ಣದು. ಅದನ್ನು ಅಲ್ಲಿಗೆ ತಂದು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.

ನಾನು ಮೊದಲು ಹೋದ ಕಡೆ ನನ್ನ ಕಾರ್ನಿಯಾ ಸ್ಕ್ಯಾನ್ ಆಗುವ ಮೊದಲೇ ಸ್ಮೈಲ್ ಪ್ಯಾಕೇಜ್ ಬಗ್ಗೆ ಹೇಳಲು ಶುರು ಮಾಡಿದರು. ಡಾಕ್ಟರಲ್ಲ, ಕೌನ್ಸೆಲರ್. "ಫ್ಲಾಪ್ ಇಲ್ಲ, ಬ್ಲೇಡ್ ಇಲ್ಲ, ಲೇಟೆಸ್ಟ್" ಅಂದರು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಸ್ಮೈಲ್ ಕೆಟ್ಟದ್ದು ಅಂತ ಖಂಡಿತ ಹೇಳುತ್ತಿಲ್ಲ. ಫೆಮ್ಟೋಸೆಕೆಂಡ್ ಲೇಸರ್‌ನಿಂದ ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆ ಕತ್ತರಿಸಿ, 2ರಿಂದ 4 ಮಿಲಿಮೀಟರ್ ಸೀಳಿನಿಂದ ಎಳೆದು ತೆಗೆಯುತ್ತಾರೆ. ದೊಡ್ಡ ಫ್ಲಾಪ್ ಇಲ್ಲದ್ದರಿಂದ ನರಗಳು ಕಡಿಮೆ ಕತ್ತರಿಸಲ್ಪಡುತ್ತವೆ. ಶುರುವಿನ ತಿಂಗಳುಗಳಲ್ಲಿ ಕಣ್ಣು ಒಣಗುವುದೂ ಲಾಸಿಕ್‌ಗಿಂತ ಕಡಿಮೆ. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಸ್ಮೈಲ್ ಕೂಡ ಕಾರ್ನಿಯಾ ಕಳೆಯುವ ಸರ್ಜರಿಯೇ. ತೆಳು ಕಾರ್ನಿಯಾಕ್ಕೆ ಅದು ಮಂತ್ರದಂಡವಲ್ಲ. ಇನ್ನೊಂದು ಮಾತು: ಸ್ಮೈಲ್ ಆದ ಮೇಲೆ ಸ್ವಲ್ಪ ಪವರ್ ಉಳಿದುಕೊಂಡರೆ, ಅದನ್ನು ಸರಿಮಾಡಲು ಸಾಮಾನ್ಯವಾಗಿ ಮೊರೆಹೋಗುವುದು ಈ "ಹಳೇ" ಪಿಆರ್‌ಕೆಯನ್ನೇ.

ಹಳೆಯದು ಅನ್ನುವ ಮಾತನ್ನೂ ಸ್ವಲ್ಪ ನೋಡೋಣ. 1981ರಲ್ಲಿ ಐಬಿಎಂನಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಇಬ್ಬರು ಜೊತೆಗಾರರು ಎಕ್ಸೈಮರ್ ಲೇಸರ್‌ನಿಂದ ಜೀವಿಗಳ ಅಂಗಾಂಶವನ್ನು ಸುತ್ತಮುತ್ತ ಸುಡದಂತೆ ಕತ್ತರಿಸಬಹುದು ಅಂತ ಕಂಡುಕೊಂಡರು. ಅದೇ ಲೇಸರ್ ಮೊದಲು ಪಿಆರ್‌ಕೆಗೆ ಬಂತು. ಆಮೇಲೆ ಲಾಸಿಕ್‌ಗೆ ಬಂದದ್ದೂ ಅದೇ. ಎರಡರಲ್ಲೂ ಪವರ್ ತೆಗೆಯುವ ಕೆಲಸ ಒಂದೇ, ಅಲ್ಲಿಗೆ ಹೋಗುವ ಬಾಗಿಲು ಮಾತ್ರ ಬೇರೆ. ಫ್ಲಾಪ್ ಮಾಡಿದರೆ ನೋವು ಕಡಿಮೆ, ಮರುದಿನವೇ ಕಾಣುತ್ತದೆ. ಲಾಸಿಕ್ ಗೆದ್ದದ್ದು ಅದಕ್ಕೆ. ಆದರೆ ಫ್ಲಾಪ್‌ಗೆ ಜೋರಾಗಿ ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಅದು ಸರಿಯಬಹುದು. ಕುಸ್ತಿ, ಬಾಕ್ಸಿಂಗ್‌ನಂಥ ಆಟ ಆಡುವವರಿಗೆ ಪಿಆರ್‌ಕೆ ಹೇಳುವುದು ಇದೇ ಕಾರಣಕ್ಕೆ.

ನೋವಿನ ಬಗ್ಗೆ ಸುಮ್ನೆ ಸಮಾಧಾನದ ಮಾತು ಹೇಳುವುದಿಲ್ಲ. ಮೊದಲ ಮೂರು ದಿನ ಕಷ್ಟ. ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ, ನೀರು, ಬೆಳಕು ಕಂಡರೆ ಆಗದು. ಬ್ಯಾಂಡೇಜ್ ಲೆನ್ಸ್ ಹಾಕಿ ಕಳಿಸುತ್ತಾರೆ, ಪದರ ಬೆಳೆದ ಮೇಲೆ ತೆಗೆಯುತ್ತಾರೆ. ಆಮೇಲೂ ಕೆಲವು ವಾರ ದೃಷ್ಟಿ ಒಂದು ದಿನ ಸ್ಪಷ್ಟ, ಒಂದು ದಿನ ಮಸುಕು. ಸ್ಟೀರಾಯ್ಡ್ ಡ್ರಾಪ್ಸ್ ಹೇಳಿದಷ್ಟು ಕಾಲ ಹಾಕಲೇಬೇಕು. ಬಿಸಿಲಿಗೆ ಹೋಗುವಾಗ ತಂಪು ಕನ್ನಡಕ ಬೇಕೇ ಬೇಕು, ಇಲ್ಲದಿದ್ದರೆ ಕಾರ್ನಿಯಾದಲ್ಲಿ ಮಬ್ಬು ಬರುವ ಅಪಾಯ ಹೆಚ್ಚು. ರಜೆ ಸಿಗದವರಿಗೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರಿಗೆ ಇದು ನಿಜಕ್ಕೂ ದೊಡ್ಡ ತೊಂದರೆ. ಕಾರ್ನಿಯಾ ದಪ್ಪವಾಗಿದ್ದು, ಆಕಾರ ಸರಿಯಾಗಿದ್ದರೆ ಅವರು ಲಾಸಿಕ್ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಪವರ್ ತುಂಬಾ ಜಾಸ್ತಿ ಇದ್ದವರ ಕಥೆಯೇ ಬೇರೆ. ಮೈನಸ್ 10, 12 ಇದ್ದರೆ ಲೇಸರ್‌ನಿಂದ ಅಷ್ಟು ಕಳೆಯಲು ಹೋಗಬಾರದು. ಅವರಿಗೆ ಐಸಿಎಲ್ ಇದೆ. ಕಣ್ಣಿನ ಸ್ವಂತ ಲೆನ್ಸ್ ಹಾಗೇ ಇರುತ್ತದೆ, ಅದರ ಮುಂದೆ ಇನ್ನೊಂದು ಲೆನ್ಸ್ ಕೂರಿಸುತ್ತಾರೆ. ಬೇಕೆಂದರೆ ತೆಗೆಯಬಹುದು. ಆದರೆ ಇದು ಕಣ್ಣಿನ ಒಳಗೆ ಮಾಡುವ ಸರ್ಜರಿ. ಒಳಗೆ ಜಾಗ ಸಾಕಷ್ಟಿದೆಯಾ, ಕಾರ್ನಿಯಾದ ಒಳಪದರದ ಜೀವಕೋಶಗಳು ಎಷ್ಟಿವೆ ಅಂತ ಮೊದಲೇ ಅಳೆಯಬೇಕು, ಆಮೇಲೂ ಆಗಾಗ ನೋಡಿಸುತ್ತಿರಬೇಕು.

ಎಫ್‌ಡಿಎ ನಡೆಸಿದ ಪ್ರೌಲ್ ಅನ್ನುವ ಲಾಸಿಕ್ ಅಧ್ಯಯನದಲ್ಲಿ ಶೇ. 95ಕ್ಕಿಂತ ಹೆಚ್ಚು ಜನ ತಮ್ಮ ದೃಷ್ಟಿಯ ಬಗ್ಗೆ ತೃಪ್ತಿ ಹೇಳಿದರು. ಅದೇ ಅಧ್ಯಯನದಲ್ಲಿ, ಮೊದಲು ಯಾವ ತೊಂದರೆಯೂ ಇಲ್ಲದವರಲ್ಲಿ ಶೇ. 46ರವರೆಗೆ ಜನರಿಗೆ ಮೂರು ತಿಂಗಳಾದ ಮೇಲೆ ದೀಪದ ಸುತ್ತ ಪ್ರಭೆ, ಕಣ್ಣು ಕುಕ್ಕುವುದು, ಎರಡೆರಡಾಗಿ ಕಾಣುವುದು ಇಂಥದ್ದರಲ್ಲಿ ಒಂದಾದರೂ ಹೊಸದಾಗಿ ಇತ್ತು. ದಿನದ ಕೆಲಸಕ್ಕೇ ತುಂಬಾ ಅಡ್ಡಿಯಾಯಿತು ಅಂದವರು ಶೇ. 1ಕ್ಕಿಂತ ಕಡಿಮೆ. ಈ ಮೂರು ಅಂಕಿಗಳನ್ನೂ ಒಟ್ಟಿಗೆ ಹೇಳಬೇಕು. ಮೊದಲನೆಯದನ್ನು ಮಾತ್ರ ಗೋಡೆಗೆ ಅಂಟಿಸುವುದು ಮೋಸ. ರಾತ್ರಿ ಗಾಡಿ ಓಡಿಸುವುದೇ ಕೆಲಸವಾಗಿರುವವರು ಎರಡು ಸಲ ಯೋಚಿಸಲೇಬೇಕು.

ನಾನು ನಂಬಿದ್ದು ಬೇಡ ಅನ್ನುವ ಧೈರ್ಯ ಇದ್ದ ಡಾಕ್ಟರನ್ನು. ಅವರು ಕಾಂಟ್ಯಾಕ್ಟ್ ಲೆನ್ಸ್ ಬಿಡಿಸಿ, ಕೆಲವು ವಾರ ಕಾಯಿಸಿ, ಆಮೇಲೇ ಸ್ಕ್ಯಾನ್ ಮಾಡಿದರು. ಲೆನ್ಸ್ ಹಾಕುತ್ತಿದ್ದರೆ ಕಾರ್ನಿಯಾದ ಆಕಾರವೇ ಬದಲಾಗಿರಬಹುದು. ಪವರ್ ಒಂದು ವರ್ಷದಿಂದ ಬದಲಾಗಿಲ್ಲ ಅನ್ನುವುದಕ್ಕೆ ಹಳೆಯ ಚೀಟಿ ಕೇಳಿದರು. ಕಣ್ಣುಜ್ಜುವ ಅಭ್ಯಾಸ ಇದೆಯಾ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ (ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬುವ ಕಾಯಿಲೆ) ಇದೆಯಾ ಅಂತ ಕೇಳಿದರು. ಸ್ಕ್ಯಾನ್‌ನಲ್ಲಿ ಆಕಾರ ಅನುಮಾನ ತರಿಸಿದ್ದರೆ ಯಾವ ಲೇಸರ್ ಸರ್ಜರಿಯೂ ಬೇಡ ಅಂತ ಮುಂಚೆಯೇ ಹೇಳಿದ್ದರು. ಗರ್ಭಿಣಿಯರಿಗೆ, ಮಗುವಿಗೆ ಹಾಲುಣಿಸುತ್ತಿರುವವರಿಗೆ, ಹದಿನೆಂಟು ತುಂಬದವರಿಗೆ ಕಾಯಿರಿ ಅನ್ನದ ಜಾಗದಿಂದ ಎದ್ದು ಬನ್ನಿ.

ನಲವತ್ತರ ಹತ್ತಿರ ಇರುವವರಿಗೆ ಒಂದು ಮಾತು. ದೂರದ ಪವರ್ ತೆಗೆಸಿದರೂ ಚಾಳೀಸು ಬರುವುದು ತಪ್ಪುವುದಿಲ್ಲ. ಈಗ ಕನ್ನಡಕ ತೆಗೆದು ಹತ್ತಿರದ ಅಕ್ಷರ ಓದುತ್ತಿರುವ ಮೈನಸ್ ಪವರ್‌ನವರಿಗೆ ಸರ್ಜರಿ ಆದ ಮೇಲೆ ಆ ಅನುಕೂಲವೇ ಹೋಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಮಾಡಿಸಿಕೊಂಡವರಿಗೆ: ಮೈನಸ್ ಪವರ್‌ಗೆ ಸಾಮಾನ್ಯವಾಗಿ ಕಾರಣ ಕಣ್ಣು ಉದ್ದವಾಗಿ ಬೆಳೆದಿರುವುದು; ಪವರ್ ಹೋದರೂ ಆ ಉದ್ದ ಹಾಗೇ ಇರುತ್ತದೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಹರಿಯುವ ಅಪಾಯವೂ ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ರೆಟಿನಾ ನೋಡಿಸಿ. ಮಿಂಚಿನಂತೆ ಬೆಳಕು, ಕಣ್ಣ ಮುಂದೆ ಕಪ್ಪು ಚುಕ್ಕೆಗಳ ಹಿಂಡು ಕಂಡರೆ ಅದೇ ದಿನ ಹೋಗಿ. ಸರ್ಜರಿಗೆ ಮುಂಚಿನ ಪವರ್ ಚೀಟಿ ಮತ್ತು ಕಾರ್ನಿಯಾ ಸ್ಕ್ಯಾನ್ ಎರಡನ್ನೂ ಕೇಳಿ ತೆಗೆದಿಟ್ಟುಕೊಳ್ಳಿ. ಮುಂದೆ ಕಣ್ಣಿನ ಪೊರೆ ತೆಗೆಸುವ ಕಾಲ ಬಂದಾಗ ಒಳಗೆ ಹಾಕುವ ಲೆನ್ಸಿನ ಪವರ್ ಸರಿಯಾಗಿ ಲೆಕ್ಕ ಹಾಕಲು ಆ ಡಾಕ್ಟರು ಅದನ್ನು ಕೇಳುತ್ತಾರೆ.