ಯಂತ್ರ ಹಿಡಿದುಕೊಂಡ ಚಿಲ್ಲರೆ

ಕಾರ್ಡನ್ನು ಯಂತ್ರಕ್ಕೆ ತಾಗಿಸಿದ ಮೇಲೆ ಎರಡು ಮೂರು ಸೆಕೆಂಡುಗಳ ಒಂದು ಮೌನ ಬರುತ್ತದೆ. ಗಲ್ಲಾಪೆಟ್ಟಿಗೆಯ ಆಚೆಗಿರುವವರೂ ಈಚೆಗಿರುವವರೂ ಮಾತು ನಿಲ್ಲಿಸಿ, ಫಲ ಹೇಳಲಿರುವ ಜೋಯಿಸರ ಮುಖವನ್ನು ನೋಡುವಂತೆ ಆ ಅಂಗೈಯಗಲದ ಪರದೆಯನ್ನೇ ನೋಡುತ್ತಾರೆ. ಕಿರ್ರೆಂದು ಚೀಟಿ ಹೊರಬಂದೊಡನೆ ಇಬ್ಬರಿಗೂ ಸಮಾಧಾನವಾಗುತ್ತದೆ. ಆ ಚೀಟಿಯಲ್ಲಿ ತಾರೀಖು, ವೇಳೆ, ಯಂತ್ರದ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೊತ್ತ ಎಲ್ಲವೂ ಇರುತ್ತವೆ. ನೂರು ಎಂದು ಅಚ್ಚಾಗಿರುವ ಮೊತ್ತದಲ್ಲಿ ಅಂಗಡಿಯವರ ಖಾತೆಗೆ ಪೂರ್ತಿ ನೂರು ಸೇರುವುದಿಲ್ಲವೆಂಬ ಸಂಗತಿಯೊಂದು ಮಾತ್ರ ಇರುವುದಿಲ್ಲ.

ಹಣ ಪಡೆಯುವವರೇ ಹಣ ಪಡೆದದ್ದಕ್ಕಾಗಿ ಶುಲ್ಕ ತೆರಬೇಕೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿಯೇ ಕಾಣುತ್ತದೆ. ಈ ಶುಲ್ಕಕ್ಕೆ ವ್ಯವಹಾರದಲ್ಲಿರುವ ಹೆಸರು ಮರ್ಚೆಂಟ್ ಡಿಸ್ಕೌಂಟ್ ರೇಟ್, ಬಾಯಿಮಾತಿನಲ್ಲಿ ಎಂಡಿಆರ್. ಡಿಸ್ಕೌಂಟ್ ಎಂದರೆ ರಿಯಾಯಿತಿಯಲ್ಲವೇ, ಇಲ್ಲಿ ಯಾರಿಗೆ ಯಾರು ರಿಯಾಯಿತಿ ಕೊಟ್ಟರು ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ನಮ್ಮ ಹಳೆಯ ಹುಂಡಿ ವ್ಯವಹಾರದ 'ವಟ್ಟ' ಎಂಬ ಮಾತಿನಲ್ಲಿ. ಮುಂದೆಂದೋ ಕೈಗೆ ಬರಬೇಕಾದ ಹಣದ ಪತ್ರವನ್ನು ಸಾಹುಕಾರರಿಗೆ ಒಪ್ಪಿಸಿ, ಅದರ ಮುಖಬೆಲೆಗಿಂತ ತುಸು ಕಡಿಮೆ ಹಣವನ್ನು ಈಗಲೇ ಪಡೆದರೆ, ಆ ಕಡಿಮೆಯಾದದ್ದೇ ವಟ್ಟ. ಕಾರ್ಡಿನ ಮೊದಲ ದಿನಗಳಲ್ಲಿ ನಡೆಯುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ. ಉಬ್ಬಿದ ಅಂಕಿಗಳ ಕಾರ್ಡಿನ ಮೇಲೆ ಕಾರ್ಬನ್ ಕಾಗದದ ಚೀಟಿಯನ್ನಿಟ್ಟು ಹಿಡಿಕೆಯನ್ನು ಸರಕ್ಕನೆ ಎಳೆದರೆ ಗ್ರಾಹಕರ ಸಂಖ್ಯೆ ಚೀಟಿಯ ಮೇಲೆ ಮೂಡುತ್ತಿತ್ತು. ಅವರು ಸಹಿ ಹಾಕುತ್ತಿದ್ದರು. ಅಂತಹ ಚೀಟಿಗಳ ಕಟ್ಟನ್ನು ಕೊಟ್ಟರೆ ಬ್ಯಾಂಕು ತನ್ನ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಜಮಾ ಮಾಡುತ್ತಿತ್ತು. ಅಂದರೆ ಅಂಗಡಿಯವರು ಮಾರುತ್ತಿದ್ದದ್ದು ಎರಡು ಸರಕು: ಗ್ರಾಹಕರಿಗೆ ಸಾಮಾನು, ಬ್ಯಾಂಕಿಗೆ ಗ್ರಾಹಕರ ಮಾತು.

1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಎಂಬ ಕಾರ್ಡು ಕಂಪನಿ ಆರಂಭವಾದಾಗ ಅದು ಹೋಟೆಲಿನವರಿಂದ ಶೇಕಡಾ 7ರಷ್ಟನ್ನು ಹಿಡಿದುಕೊಳ್ಳುತ್ತಿತ್ತು. ಇಂದಿನ ದರಗಳ ಪಕ್ಕದಲ್ಲಿ ಅದು ದೊಡ್ಡ ಮೊತ್ತವೇ. ಆದರೂ ಅವರು ಒಪ್ಪಿದರು. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂಬ ಗಾದೆಯ ಬಿಸಿ ಉದ್ರಿ ಬರೆದಿಟ್ಟು ವಸೂಲಿಗೆ ಅಲೆದವರಿಗೆ ಮಾತ್ರ ಗೊತ್ತು. ಆ ಅಲೆದಾಟವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ, ಜೇಬಿನಲ್ಲಿ ಹಣವಿಲ್ಲದ ದಿನವೂ ಗಿರಾಕಿ ಒಳಗೆ ಬರುವಂತೆ ಮಾಡಿಕೊಳ್ಳುವುದಕ್ಕೆ ಅಷ್ಟು ತೆರಬಹುದೆಂದು ಅವರಿಗೆ ಅನ್ನಿಸಿರಬೇಕು.

ಈಗ ಆ ಶುಲ್ಕ ಒಂದೇ ಕೈಗೆ ಹೋಗುವುದಿಲ್ಲ. ಯಂತ್ರ ಮೌನವಾಗಿರುವ ಆ ಎರಡು ಮೂರು ಸೆಕೆಂಡುಗಳಲ್ಲಿ ಸಂದೇಶವು ಅಂಗಡಿಯವರ ಬ್ಯಾಂಕಿಗೆ ಹೋಗಿ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಜಾಲವನ್ನು ಹಾದು, ಕಾರ್ಡು ಕೊಟ್ಟ ಬ್ಯಾಂಕಿನ ಬಾಗಿಲು ತಟ್ಟಿ, ಅದೇ ದಾರಿಯಲ್ಲಿ ಹಿಂದಿರುಗಿರುತ್ತದೆ. ಪಾಲುದಾರರೂ ಈ ಮೂವರೇ. ಸಾಮಾನ್ಯವಾಗಿ ದೊಡ್ಡ ತುತ್ತು ಕಾರ್ಡು ಕೊಟ್ಟ ಬ್ಯಾಂಕಿನದು. ಅದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಗ್ರಾಹಕರು ಸಾಲ ತೀರಿಸದೆ ಹೋಗುವ ಅಪಾಯ, ಕಳವಾದ ಕಾರ್ಡಿನ ನಷ್ಟ, ಬಿಲ್ಲಿನ ಗಡುವು ಬರುವವರೆಗೆ ಬಡ್ಡಿಯಿಲ್ಲದೆ ಹಣ ಹೂಡಿರುವುದು, ಇವೆಲ್ಲ ಅದಕ್ಕೆ ಹೇಳುವ ಕಾರಣಗಳು. ಕಾರಣಗಳು ಸುಳ್ಳಲ್ಲ. ಆದರೆ ಸಾಲದ ಮಾತೇ ಇಲ್ಲದ ಡೆಬಿಟ್ ಕಾರ್ಡಿನಲ್ಲೂ ಈ ಪದ್ಧತಿ ಬೇರೂರಿತೆಂದರೆ, ವಟ್ಟವೆಂಬ ಹಳೆಯ ನ್ಯಾಯದಿಂದಷ್ಟೇ ಇದನ್ನು ಸಮರ್ಥಿಸಲಾಗದು.

ನನಗೆ ಕಾಣುವ ತೊಡಕು ಬೇರೆಡೆ ಇದೆ. ಯಾವ ಕಾರ್ಡನ್ನು ಹೊರತೆಗೆಯಬೇಕೆಂದು ಆರಿಸುವವರು ಗ್ರಾಹಕರು. ಆ ಆಯ್ಕೆಯ ಬೆಲೆ ತೆರುವವರು ಅಂಗಡಿಯವರು. ಸಾಧಾರಣ ವ್ಯಾಪಾರದಲ್ಲಿ ಪೈಪೋಟಿ ಹೆಚ್ಚಿದರೆ ಬೆಲೆ ಇಳಿಯಬೇಕು. ಇಲ್ಲಿ ಜಾಲಗಳು ಬ್ಯಾಂಕುಗಳನ್ನು ಒಲಿಸಿಕೊಳ್ಳಲು ಹೆಚ್ಚಿನ ಇಂಟರ್‌ಚೇಂಜ್ ತೋರಿಸುತ್ತವೆ, ಬ್ಯಾಂಕುಗಳು ಅದರಲ್ಲೊಂದು ಭಾಗವನ್ನು ಕ್ಯಾಶ್‌ಬ್ಯಾಕ್ ಎಂದೋ ರಿವಾರ್ಡ್ ಪಾಯಿಂಟ್ ಎಂದೋ ಗ್ರಾಹಕರ ಮುಂದೆ ಹಿಡಿಯುತ್ತವೆ, ಹೀಗೆ ಪೈಪೋಟಿಯೇ ಬೆಲೆಯನ್ನು ಮೇಲಕ್ಕೆ ತಳ್ಳುತ್ತದೆ. ನನ್ನ ಕಾರ್ಡಿನಲ್ಲಿ ಕೂಡಿದ ಪಾಯಿಂಟುಗಳನ್ನು ಬ್ಯಾಂಕಿನ ಔದಾರ್ಯವೆಂದು ತಿಳಿದಿದ್ದ ನಾನು, ಅವು ಅಂಗಡಿಯವರ ಲಾಭದಿಂದ ಚಿವುಟಿ ತಂದವೆಂದು ತಿಳಿದ ಮೇಲೂ ಬಳಸುವುದನ್ನೇನೂ ಬಿಟ್ಟಿಲ್ಲ. ಅಂಗಡಿಯವರು ಆ ಖರ್ಚನ್ನು ಸಾಮಾನಿನ ಬೆಲೆಯಲ್ಲೇ ಅಡಗಿಸಿದರೆ, ನೋಟು ಎಣಿಸಿ ಕೊಡುವ ಗಿರಾಕಿಯೂ ನನ್ನ ಪಾಯಿಂಟಿಗೆ ಪಾಲು ಹಾಕಿದಂತಾಯಿತು. ಈ ಓಟಕ್ಕೆ ಯುರೋಪಿಯನ್ ಒಕ್ಕೂಟ 2015ರಲ್ಲಿ ಲಗಾಮು ಹಾಕಿತು. ಜನಸಾಮಾನ್ಯರ ಡೆಬಿಟ್ ಕಾರ್ಡಿಗೆ ಇಂಟರ್‌ಚೇಂಜ್ ಶೇಕಡಾ 0.2ನ್ನೂ ಕ್ರೆಡಿಟ್ ಕಾರ್ಡಿಗೆ 0.3ನ್ನೂ ಮೀರಬಾರದೆಂದು ವಿಧಿಸಿತು.

ಹಾಗೆಂದು ನಗದು ಪುಕ್ಕಟೆಯೇ? ರಾತ್ರಿ ಬಾಗಿಲೆಳೆದ ಮೇಲೆ ಬೆರಳು ಒದ್ದೆ ಮಾಡಿಕೊಂಡು ನೋಟು ಎಣಿಸುವ ಅರ್ಧ ಗಂಟೆ, ಲೆಕ್ಕ ತಾಳೆಯಾಗದೆ ಮತ್ತೆ ಎಣಿಸುವ ಇನ್ನರ್ಧ ಗಂಟೆ, ನಡುವೆ ನುಸುಳಿದ ಖೋಟಾ ನೋಟು, ಚಿಲ್ಲರೆಗಾಗಿ ಅಲೆದಾಟ, ಬ್ಯಾಂಕಿನ ಸಾಲು, ಕಳ್ಳರ ಭಯ, ಎಲ್ಲಕ್ಕೂ ಖರ್ಚಿದೆ. ಆದರೆ ಆ ಖರ್ಚಿಗೆ ಯಾರೂ ಬಿಲ್ಲು ಕಳಿಸುವುದಿಲ್ಲ. ಕಾರ್ಡಿನ ಶುಲ್ಕ ಖಾತೆಯ ವಿವರದಲ್ಲಿ ಪೈಸೆ ಬಿಡದೆ ಅಚ್ಚಾಗಿ ಬರುತ್ತದೆ. ಅದರ ಜೊತೆಗೆ ಪ್ರತಿ ವಹಿವಾಟಿಗೂ ಇಂತಿಷ್ಟೆಂಬ ನಿಗದಿತ ಮೊತ್ತವಿದ್ದರಂತೂ ಸಣ್ಣ ಬಿಲ್ಲಿನ ಲಾಭವನ್ನೇ ನುಂಗುತ್ತದೆ. ಆದ್ದರಿಂದಲೇ ಇರಬೇಕು, ದೊಡ್ಡ ಮೊತ್ತಕ್ಕೆ ಯಂತ್ರವನ್ನು ನಗುತ್ತಾ ಮುಂದೆ ಚಾಚುವ ಅದೇ ಕೈ, ಸಣ್ಣ ಮೊತ್ತಕ್ಕೆ ಕಾರ್ಡು ತೆಗೆದಾಗ ಯಂತ್ರವನ್ನು ಮುಟ್ಟದೆ, "ಚಿಲ್ಲರೆ ಇದೆಯೇ ನೋಡಿ" ಎನ್ನುತ್ತದೆ.