ಅಚ್ಚುಮೊಳೆ ಮುದ್ರಣದ ಒತ್ತಡ: ಒಂದು ಸ್ಪಷ್ಟನೆ

ಹಳೆಯ ಅಚ್ಚುಮೊಳೆ ಮುದ್ರಣವೆಂದರೆ (ಅಕ್ಷರದ ಲೋಹದ ಮೊಳೆಗಳನ್ನು ಜೋಡಿಸಿ, ಶಾಯಿ ಸವರಿ ಕಾಗದಕ್ಕೆ ಒತ್ತುವ ವಿಧಾನ) ಅಕ್ಷರ ಕಾಗದದೊಳಗೆ ಆಳವಾಗಿ ಇಳಿದು ಹಿಂಬದಿಯಲ್ಲೂ ಉಬ್ಬಿರಬೇಕು ಎಂಬ ಮಾತು ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಲಗ್ನಪತ್ರಿಕೆಗಳ ಚಿತ್ರದೊಂದಿಗೆ ಹರಿದಾಡುತ್ತಿದೆ, ಇದು ಸರಿಯಲ್ಲ. ಒದ್ದೆ ಕಾಗದ, ಮೆತ್ತನೆಯ ಪ್ಯಾಕಿಂಗಿನ (ಮುದ್ರಿಸುವ ಕಾಗದದ ಹಿಂದೆ ಇಡುವ ಪದರ) ಕಾಲದಲ್ಲಿ ಒಂದಿಷ್ಟು ಗುರುತು ಬೀಳುತ್ತಿತ್ತು ನಿಜ, ಆದರೆ ಅದು ಮುದ್ರಕರ ಗುರಿಯಾಗಿರಲಿಲ್ಲ. ಸೀಸ, ಆಂಟಿಮನಿ, ತವರಗಳ ಮಿಶ್ರಲೋಹದಲ್ಲಿ ಎರಕ ಹೊಯ್ದ, 0.918 ಅಂಗುಲ ಎತ್ತರದ ಮೊಳೆಗಳನ್ನು ಅತಿಯಾಗಿ ಒತ್ತಿದರೆ ಅಂಚು ಸವೆಯುತ್ತದೆ, ಅದರಲ್ಲೂ ಒತ್ತಕ್ಷರಗಳ ಸಣ್ಣ ಬಾಲಗಳು ಬೇಗ ಹಾಳಾಗುತ್ತವೆ. ಆದ್ದರಿಂದಲೇ ನುರಿತವರು ಶಾಯಿಯನ್ನು ರೋಲರಿನಿಂದ ತೆಳುವಾಗಿ ಸವರಿ, ಕಾಗದದ ಹಿಂದಿನ ಪ್ಯಾಕಿಂಗ್ ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತ, ತೆಗೆಯುತ್ತ, ಅಕ್ಷರ ಕಾಗದವನ್ನು ಮುಟ್ಟಿದಷ್ಟೇ ಒತ್ತಡ ಸಿಗುವವರೆಗೆ ಮತ್ತೆ ಮತ್ತೆ ಪ್ರತಿ ತೆಗೆದು ನೋಡುತ್ತಿದ್ದರು. ಅಜ್ಜನ ಕಾಲದ ಮೊಳೆಗಳನ್ನು ಹೊರತೆಗೆದು ಕಲಿಯಲು ಹೊರಟವರು ಆ ಮಾತನ್ನು ನಂಬಿ ಒತ್ತಡ ಏರಿಸಬಾರದೆಂದು ಕಳಕಳಿಯಿಂದ ಕೋರುತ್ತೇನೆ. ಮುರಿದ ಮೊಳೆಗೆ ಬದಲಿ ಸಿಗುವುದು ಈಗ ಬಹಳ ಕಷ್ಟ.